ಲೂಪ್ ಓಡುತ್ತಿರುವಾಗಲೇ ಲಿಸ್ಟ್‌ಗೆ ಕೈ ಹಾಕಬೇಡಿ

ಲಿಸ್ಟ್‌ನಿಂದ (ಸಾಲಾಗಿ ಇಟ್ಟ ಸಂಖ್ಯೆಗಳ ಪಟ್ಟಿ) ಸಮ ಸಂಖ್ಯೆಗಳನ್ನು ತೆಗೆಯುವ ನಿಮ್ಮ ಪೈಥಾನ್ ಪ್ರೋಗ್ರಾಮ್ ಒಂದನ್ನು ಬಿಟ್ಟುಬಿಡುತ್ತದೆ, ಇದು ಪೈಥಾನ್ ಭಾಷೆಯದೇ ದೋಷವೇ ಅಂತ ಕೇಳಿದ್ದೀರಿ. ಇದು ಪೈಥಾನ್ ಬಗ್ ಅಲ್ಲ. 1ರಿಂದ 6ರವರೆಗಿನ ಲಿಸ್ಟ್ ಕೊಟ್ಟರೆ ಸಮ ಸಂಖ್ಯೆಗಳೆಲ್ಲ ಸರಿಯಾಗಿ ಹೋಗುತ್ತವೆ, 2, 4, 6, 7, 8 ಕೊಟ್ಟರೆ ಮಾತ್ರ 4 ಉಳಿದುಬಿಡುತ್ತದೆ ಅಂತ ಬರೆದಿದ್ದೀರಿ. ಫಾರ್ ಲೂಪ್ (ಒಂದೊಂದಾಗಿ ಎತ್ತಿ ನೋಡುವ ಸುತ್ತು) ಯಾವ ಲಿಸ್ಟ್ ಮೇಲೆ ಓಡುತ್ತಿದೆಯೋ ಅದೇ ಲಿಸ್ಟ್‌ನಿಂದ ರಿಮೂವ್ ಮಾಡುತ್ತಿದ್ದೀರಿ. ಹಿಂದೆ ನಾನು ಮಾಡಿದ್ದೂ ಇದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಪ್ರಶ್ನೆಗೆ ಈಗಾಗಲೇ ಇಬ್ಬರು ‘ಲಿಸ್ಟ್‌ನ ಕಾಪಿ ಮೇಲೆ ಲೂಪ್ ಹಾಕಿ’ ಅಂದಿದ್ದಾರೆ. ಹಾಕಿದರೆ ಉತ್ತರವೇನೋ ಸರಿ ಬರುತ್ತದೆ. ಯಾಕೆ ಬಂತು ಅಂತ ತಿಳಿಯದೆ ಹಾಕಿದರೆ ಇದೇ ತಪ್ಪು ನಾಳೆ ಬೇರೆ ವೇಷದಲ್ಲಿ ಬರುತ್ತದೆ.

ಕಾಗದ, ಪೆನ್ನು ತಗೊಳ್ಳಿ. ಮೂರು ಕಾಲಂನ ಟೇಬಲ್ ಹಾಕಿ: ಇಂಡೆಕ್ಸ್ (0ಯಿಂದ ಎಣಿಸುವ ಜಾಗದ ನಂಬರ್), ಅಲ್ಲಿರುವ ಸಂಖ್ಯೆ, ಆ ಸುತ್ತು ಮುಗಿದ ಮೇಲಿನ ಲಿಸ್ಟ್. ಇಂಡೆಕ್ಸ್ 0, ಅಲ್ಲಿ 2, ತೆಗೆದ ಮೇಲೆ ಉಳಿದದ್ದು 4, 6, 7, 8. ಈಗ 4 ಜರುಗಿ 0ನೇ ಜಾಗಕ್ಕೆ ಬಂದು ಕೂತಿದೆ, ಲೂಪ್ ಮಾತ್ರ 1ಕ್ಕೆ ಹೊರಟುಹೋಯಿತು. ಅಲ್ಲಿ 6. ತೆಗೆದರೆ 4, 7, 8. ಇಂಡೆಕ್ಸ್ 2ರಲ್ಲಿ 8, ಅದೂ ಹೋಯಿತು. ಇಂಡೆಕ್ಸ್ 3ರಲ್ಲಿ ಏನೂ ಇಲ್ಲ, ಲೂಪ್ ಮುಗೀತು. ಗಮನಿಸಿ, 4ನ್ನು ಮಾತ್ರವಲ್ಲ, 7ನ್ನೂ ಅದು ನೋಡಲೇ ಇಲ್ಲ. 7 ಬೆಸ ಸಂಖ್ಯೆಯಾದ್ದರಿಂದ ನಿಮಗೆ ಗೊತ್ತಾಗಲಿಲ್ಲ ಅಷ್ಟೆ. 1ರಿಂದ 6ರ ಲಿಸ್ಟ್ ‘ಸರಿಯಾಗಿ’ ಬಂದದ್ದೂ ಹೀಗೇ: ಪ್ರತಿ ಎರಡು ಸಮ ಸಂಖ್ಯೆಗಳ ನಡುವೆ ಒಂದು ಬೆಸ ನಿಂತಿತ್ತು, ತಪ್ಪಿಹೋದದ್ದೆಲ್ಲ ಬೆಸವೇ. ಟೆಸ್ಟ್ ಮಾಡುವಾಗ 1, 2, 3, 4 ಅಂತ ನೀಟಾಗಿ ಕೊಡುವ ಚಾಳಿ ಬಿಡಿ. ಒಂದೇ ಥರದ್ದು ಎರಡು ಪಕ್ಕಪಕ್ಕ ಇರಲಿ, ಖಾಲಿ ಲಿಸ್ಟ್ ಇರಲಿ, ಒಂದೇ ಎಲಿಮೆಂಟ್ ಇರುವ ಲಿಸ್ಟ್ ಇರಲಿ.

ಪರಿಹಾರ: ಬೇಕಾದ್ದನ್ನು ಹೊಸ ಲಿಸ್ಟ್‌ನ ಕೊನೆಗೆ ಸೇರಿಸಿ (ಅಪೆಂಡ್), ಹಳೆಯದನ್ನು ಮುಟ್ಟಬೇಡಿ. ಅದೇ ಲಿಸ್ಟ್‌ನಿಂದ ತೆಗೆಯಲೇಬೇಕು ಅಂದರೆ ಇಂಡೆಕ್ಸ್ ಹಿಡಿದು ಕೊನೆಯಿಂದ ಮೊದಲಿಗೆ ಬನ್ನಿ, ಆಗ ಜರುಗುವುದು ನೀವು ಈಗಾಗಲೇ ನೋಡಿ ಮುಗಿಸಿದವು ಮಾತ್ರ. ಲಿಸ್ಟ್ ಕಾಂಪ್ರಿಹೆನ್ಷನ್ (ಹೊಸ ಲಿಸ್ಟ್ ಕಟ್ಟುವ ಚುಟುಕು ರೀತಿ) ಒಂದೇ ಸಾಲಲ್ಲಿ ಮುಗಿಸುತ್ತದೆ ನಿಜ, ಆದರೆ ಸಾದಾ ಲೂಪ್ ಕೈಗೆ ಹತ್ತುವವರೆಗೆ ಅದರ ತಂಟೆ ಬೇಡ. ಜಾವಾ ಭಾಷೆಯವರು ನಗಬೇಕಿಲ್ಲ. ಅಲ್ಲಿನ ಅರೇಲಿಸ್ಟ್ ಮೇಲೆ ಫಾರ್‌ಈಚ್ ಲೂಪ್ ಓಡುವಾಗ ರಿಮೂವ್ ಮಾಡಿದರೆ ಕನ್‌ಕರೆಂಟ್ ಮಾಡಿಫಿಕೇಷನ್ ಎಕ್ಸೆಪ್ಷನ್ ಅನ್ನುವ ಎರರ್ ಬರುತ್ತದೆ, ಒಪ್ಪಿದೆ. ಆದರೆ ಕೊನೆಯಿಂದ ಎರಡನೆಯದನ್ನು ತೆಗೆದು ನೋಡಿ, ತುಟಿಪಿಟಕ್ಕೆನ್ನದೆ ಲೂಪ್ ಮುಗಿಯುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದ್ದು ಕಾಗದದ ಮೇಲಿನ ಆ ಟೇಬಲ್ ಬಗ್ಗೆ. ರನ್ ಒತ್ತುವ ಮೊದಲು ಬರೆಯಬೇಕು, ಔಟ್‌ಪುಟ್ ನೋಡಿದ ಮೇಲಲ್ಲ. ಪ್ರತಿ ವೇರಿಯಬಲ್‌ಗೂ (ಬೆಲೆ ಇಟ್ಟುಕೊಳ್ಳುವ ಹೆಸರು) ಒಂದು ಕಾಲಂ, ಕಂಡಿಷನ್‌ಗೂ ಒಂದು. ಎಲ್ಲರೂ ಬಿಡುವುದು ಕೊನೆಯ ಸಾಲನ್ನು: ಕಂಡಿಷನ್ ಸುಳ್ಳಾಗಿ ಲೂಪ್ ನಿಂತಿತಲ್ಲ, ಆ ಸಾಲು. ಅದನ್ನು ಬರೆಯದವರು ಲೂಪ್ ಮುಗಿದಾಗ ವೇರಿಯಬಲ್‌ನಲ್ಲಿ ಏನಿದೆ ಅಂತ ಕೇಳಿದರೆ ತಡವರಿಸುತ್ತಾರೆ. ಸಿ ಭಾಷೆಯಲ್ಲಿ ಐ ಅನ್ನುವ ವೇರಿಯಬಲ್ 1ರಿಂದ 10ರವರೆಗೆ ಓಡಿದರೆ ಹೊರಗೆ ಬಂದಾಗ ಅದು 11. ಪೈಥಾನ್ ಫಾರ್‌ನಲ್ಲಿ ಹಾಗಲ್ಲ, ಕೊನೆಗೆ ಸಿಕ್ಕ 10ರಲ್ಲೇ ಉಳಿಯುತ್ತದೆ. ಅದೂ ನೀವು ರೇಂಜ್‌ಗೆ (ಎಲ್ಲಿಂದ ಎಲ್ಲಿಗೆ ಎಣಿಸಬೇಕು ಅನ್ನುವುದು) 1, 11 ಕೊಟ್ಟಿದ್ದರೆ! 1, 10 ಕೊಟ್ಟು ಮೊತ್ತ 55ರ ಬದಲು 45 ಯಾಕೆ ಬಂತು ಅಂತ ಕೇಳುವವರು ಇಲ್ಲಿ ತಪ್ಪದೆ ಬರುತ್ತಾರೆ. ಮೇಲಿನ ಗಡಿ ಸೇರುವುದಿಲ್ಲ ಅನ್ನುವುದು ಹುಚ್ಚಾಟವಲ್ಲ. ಎರಡು ಗಡಿಗಳ ವ್ಯತ್ಯಾಸವೇ ಸುತ್ತುಗಳ ಸಂಖ್ಯೆ ಆಗುತ್ತದೆ. ಎಣಿಕೆ 0ಯಿಂದ ಯಾಕೆ ಶುರುವಾಗಬೇಕು ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪುಟ್ಟ ಟಿಪ್ಪಣಿಯಲ್ಲಿ ಈ ವಾದವೂ ಇದೆ, ಹುಡುಕಿ ಓದಿ.

ವೈಲ್ ಲೂಪ್‌ಗೆ (ಕಂಡಿಷನ್ ನಿಜವಿರುವವರೆಗೆ ಓಡುವುದು) ಟೇಬಲ್ ಇನ್ನೂ ಬೇಕು. ಎರಡು ಸಾಲು ಅಕ್ಷರಶಃ ಒಂದೇ ಥರ ಬಂದವೋ, ಲೂಪ್ ಎಂದೂ ನಿಲ್ಲುವುದಿಲ್ಲ (ಒಳಗೆ ಇನ್‌ಪುಟ್ ಅಥವಾ ರ‍್ಯಾಂಡಮ್ ಇದ್ದರೆ ಮಾತು ಬೇರೆ). 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 30 ಜಿಬಿ ಝೂನ್ ಮ್ಯೂಸಿಕ್ ಪ್ಲೇಯರ್‌ಗಳು ಸಾಮೂಹಿಕವಾಗಿ ಹ್ಯಾಂಗ್ ಆದದ್ದು ಇಂಥದ್ದರಿಂದಲೇ. ದಿನಗಳ ಲೆಕ್ಕದಿಂದ ಇಸವಿ ಹುಡುಕುವ ಲೂಪ್ ಅದು. ದಿನ 365ಕ್ಕಿಂತ ಹೆಚ್ಚಿದ್ದರೆ ಒಳಗೆ ಬರುತ್ತದೆ. ಅಧಿಕ ವರ್ಷವಾದರೆ 366ಕ್ಕಿಂತ ಹೆಚ್ಚಿದೆಯೇ ಅಂತ ನೋಡಿ, ಇದ್ದರಷ್ಟೇ 366 ಕಳೆಯುತ್ತದೆ. ಅವತ್ತು ಸರಿಯಾಗಿ 366ನೇ ದಿನ. ಒಳಗೆ ಬಂತು, ಏನೂ ಕಳೆಯಲಿಲ್ಲ, ಮತ್ತೆ ಮೇಲಕ್ಕೆ ಹೋಯಿತು. 366 ಹಾಕಿ ಎರಡೇ ಸಾಲು ಬರೆದಿದ್ದರೆ ಕಾಣುತ್ತಿತ್ತು. ಹಾಗೇ 0.1 ಕೂಡುತ್ತಾ ‘1.0 ಆಗದಿರುವವರೆಗೆ’ ಅಂತ ಕಂಡಿಷನ್ ಬರೆಯಬೇಡಿ. ಹತ್ತು ಸಲ ಕೂಡಿದರೆ 0.9999999999999999 ಬರುತ್ತದೆ, 1.0 ಬರುವುದೇ ಇಲ್ಲ. ಸಂಖ್ಯೆಯ ಅಂಕಿಗಳನ್ನು ತಿರುಗುಮುರುಗು ಮಾಡುವ ಪೈಥಾನ್ ಪ್ರೋಗ್ರಾಮ್‌ನಲ್ಲಿ 10ರಿಂದ ಭಾಗಿಸುವಾಗ ಎರಡು ಸ್ಲ್ಯಾಶ್ (//) ಹಾಕಿ, ಆಗ ದಶಮಾಂಶ ಬರುವುದಿಲ್ಲ. ಒಂದೇ ಹಾಕಿದರೆ 1234ಕ್ಕೆ ನಾಲ್ಕು ಸುತ್ತಿನ ಬದಲು ಮುನ್ನೂರಕ್ಕೂ ಹೆಚ್ಚು ಸುತ್ತು ಓಡಿ, ದಶಮಾಂಶ ಸವೆದು ಸೊನ್ನೆಯಾದ ಮೇಲಷ್ಟೇ ನಿಲ್ಲುತ್ತದೆ.

ಇನ್ನು ಸ್ಟಾರ್ ಪ್ಯಾಟರ್ನ್, ಅಂದರೆ ಲೂಪ್‌ನಿಂದ ನಕ್ಷತ್ರ ಚಿಹ್ನೆಗಳ ಆಕಾರ ಪ್ರಿಂಟ್ ಮಾಡುವುದು. ಐವತ್ತು ಮಾಡಿದ್ದೇನೆ ಅಂತ ಹೆಮ್ಮೆಯಿಂದ ಹೇಳಿದ್ದೀರಿ, ಬೇಜಾರಾಗಬೇಡಿ, ಅದರಲ್ಲಿ ನಲವತ್ತು ಬಾಯಿಪಾಠ. ವಿಡಿಯೋ ನೋಡಿ ಟೈಪ್ ಮಾಡಿದ್ದು ಅಭ್ಯಾಸವಲ್ಲ. ಮಾಡಲೇಬೇಕಿದ್ದರೆ ಮೊದಲು ಸಾಲಿನ ನಂಬರ್, ಖಾಲಿ ಜಾಗ, ಸ್ಟಾರ್ ಎಷ್ಟು ಅಂತ ಬರೆದು, ಎನ್ ಸಾಲಿನ ಪಿರಮಿಡ್‌ಗೆ ಐನೇ ಸಾಲಿನಲ್ಲಿ ಎನ್ ಮೈನಸ್ ಐ ಖಾಲಿ, 2ಐ ಮೈನಸ್ 1 ಸ್ಟಾರ್ ಅನ್ನುವುದನ್ನು ನೀವೇ ಕಂಡುಹಿಡಿಯಿರಿ. ಅದಕ್ಕಿಂತ ಕೊಲಾಟ್ಜ್ ಅನ್ನುವ ಸಂಖ್ಯೆಗಳ ಲೆಕ್ಕ ಮಾಡಿ: ಸಮವಾದರೆ ಅರ್ಧ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿ, 1 ಬರುವವರೆಗೆ. 27ರಿಂದ ಶುರುಮಾಡಿದರೆ 111 ಹೆಜ್ಜೆ, ನಡುವೆ 9232ರವರೆಗೆ ಏರುತ್ತದೆ. ನಿಮ್ಮದು 112 ತೋರಿಸಿದರೆ ಶುರುವಿನ 27ನ್ನೂ ಎಣಿಸಿದ್ದೀರಿ. ಆಮೇಲೆ ಲಿಸ್ಟ್‌ನಲ್ಲಿ ಅತಿ ದೊಡ್ಡದು ಹುಡುಕಿ, ಆದರೆ ಮ್ಯಾಕ್ಸ್ ಅನ್ನು 0 ಅಂತ ಶುರುಮಾಡಿ ಎಲ್ಲ ನೆಗೆಟಿವ್ ಸಂಖ್ಯೆ ಕೊಟ್ಟು ನೋಡಿ, ತಮಾಷೆ ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀರಿ. ಪೈಥಾನ್ ಕಲಿಯುವವರ ಎಡಿಟರ್ ಥಾನಿ ಸಾಕು, ಒಂದೊಂದೇ ಹೆಜ್ಜೆ ಓಡಿಸಿ ವೇರಿಯಬಲ್ ತೋರಿಸುತ್ತದೆ. ಪೈಥಾನ್ ಟ್ಯೂಟರ್ ಅನ್ನುವ ವೆಬ್‌ಸೈಟ್ ಇನ್ನೂ ಚೆನ್ನ, ಆದರೆ ಕಾಗದದ ಟೇಬಲ್ ಬರೆದ ಮೇಲೆ ತಾಳೆ ನೋಡಲು ಮಾತ್ರ. ವಿಎಸ್ ಕೋಡ್ ಎಡಿಟರ್ ಕೆಟ್ಟದ್ದಲ್ಲ, ಅದರಲ್ಲಿ ಎಐ ತಾನೇ ಮುಂದಿನ ಸಾಲು ಬರೆದುಕೊಡುವುದನ್ನು ಆಫ್ ಮಾಡಿ. ಸಿ ಭಾಷೆಯ ಹಳೇ ಸಾಫ್ಟ್‌ವೇರ್ ಟರ್ಬೊ ಸಿ ಹಿಡಿದು ಕೂತಿರುವವರಿಗೆ ಒಂದು ಮಾತು: 8ರ ಫ್ಯಾಕ್ಟೋರಿಯಲ್ -25216 ಬಂದರೆ ಲೂಪ್ ಕೆದಕಬೇಡಿ. ಅಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) 16 ಬಿಟ್, 32767 ದಾಟಿದರೆ ಹಿಡಿಯುವುದಿಲ್ಲ. ಇವತ್ತಿಗೂ ಅದನ್ನು ಯಾಕೆ ಬಳಸುತ್ತೀರೋ ದೇವರಿಗೇ ಗೊತ್ತು. ಮತ್ತೆ ಫಾರ್ ಸಾಲಿನ ಕೊನೆಗೆ ಸೆಮಿಕೋಲನ್ ಇಟ್ಟು ‘ಒಂದೇ ಸಲ ಪ್ರಿಂಟ್ ಆಗುತ್ತಿದೆ’ ಅನ್ನಬೇಡಿ.

ಕೊನೆಯದಾಗಿ, ಸ್ಕ್ರೀನ್‌ಗೆ ಮೊಬೈಲ್ ಹಿಡಿದು ಫೋಟೋ ಹೊಡೆದು ಹಾಕಬೇಡಿ. ನಿಮ್ಮ ಫೋಟೋದಲ್ಲಿ ಪ್ರಿಂಟ್ ಸಾಲು ಲೂಪ್ ಒಳಗಿದೆಯೋ ಹೊರಗಿದೆಯೋ ಇನ್ನೂ ನನಗೆ ಗೊತ್ತಾಗಿಲ್ಲ. ಕೋಡ್ ಅನ್ನು ಟೆಕ್ಸ್ಟ್ ಆಗಿ ಪೇಸ್ಟ್ ಮಾಡಿ, ಕೊಟ್ಟ ಇನ್‌ಪುಟ್ ಏನು, ಬಂದದ್ದೇನು, ಬರಬೇಕಾದ್ದೇನು ಬರೆಯಿರಿ. ಟೇಬಲ್‌ನ ಫೋಟೋ ಆದರೆ ಧಾರಾಳವಾಗಿ ಹಾಕಿ, ಎಷ್ಟನೇ ಸಾಲಲ್ಲಿ ಎಡವಿದ್ದೀರಿ ಅಂತ ನೋಡಿ ಹೇಳುತ್ತೇನೆ.