ಅಡ್ವರ್ಟ್ಸ್ ಎಲ್‌ಪಿಯಲ್ಲಿ ‘ಗ್ಯಾರಿ ಗಿಲ್ಮೋರ್ಸ್ ಐಸ್’ ಇಲ್ಲ, ನಕಲಿ ಪ್ರತಿಯಾ?

ಬ್ರಿಟನ್ನಿನ ಪಂಕ್ ಬ್ಯಾಂಡ್ ಅಡ್ವರ್ಟ್ಸ್‌ನ ಎಲ್‌ಪಿಯಲ್ಲಿ (ದೊಡ್ಡ ವಿನೈಲ್ ರೆಕಾರ್ಡ್) ಆ ಹಾಡು ಇಲ್ಲ ಅನ್ನುವ ಒಂದೇ ಕಾರಣಕ್ಕೆ ಪ್ರತಿ ನಕಲಿ ಆಗಲ್ಲ. 1978ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ ‘ಕ್ರಾಸಿಂಗ್ ದ ರೆಡ್ ಸೀ’ಯ ಮೂಲ ಮುದ್ರಣದಲ್ಲೇ ಅದು ಇರಲಿಲ್ಲ. 1977ರ ಆಗಸ್ಟ್‌ನಲ್ಲಿ ಬೇರೆ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 18ನೇ ಸ್ಥಾನ ಮುಟ್ಟಿತ್ತು. ಅತಿ ದೊಡ್ಡ ಹಿಟ್ ಹಾಡೇ ಆಲ್ಬಮ್‌ನಲ್ಲಿ ಇಲ್ಲದಿದ್ದರೆ ಜನ ಬ್ಯಾಂಡನ್ನು ಮರೆಯದೆ ಇನ್ನೇನು ಮಾಡ್ತಾರೆ, ಅಲ್ವಾ?

ಮೊದಲು ಕವರಿನ ಹಿಂದೆ ವರ್ಷ, ಲೇಬಲ್ (ಹೊರತಂದ ಕಂಪನಿ) ನೋಡಿ. ಲೇಬಲ್ ‘ಬ್ರೈಟ್’ ಅಂತಿದ್ದು ಹಾಡು ಇಲ್ಲದಿದ್ದರೆ ಆಲ್ಬಮ್‌ನ ಮೂಲ ಹಾಡುಗಳ ಪಟ್ಟಿಗೆ ಸರಿಹೊಂದುತ್ತದೆ. ಅದು ಮೊದಲ ಮುದ್ರಣವೇ ಅಂತ ಫೋಟೋ ನೋಡದೆ ನಾನು ಹೇಳಲಾರೆ. ಹಾಡು ಬೇಕಿದ್ದರೆ ನಂತರದ ಸಿಡಿ ಮರುಮುದ್ರಣ ಹುಡುಕಿ. ಕೊಳ್ಳುವ ಮುಂಚೆ ಹಾಡುಗಳ ಪಟ್ಟಿ ಓದಿ, ಎಲ್ಲದರಲ್ಲೂ ಒಂದೇ ಇರಲ್ಲ.

ಆಮೇಲೆ ಸ್ಟಿಫ್ ಲೇಬಲ್‌ನ ‘ಒನ್ ಕಾರ್ಡ್ ವಂಡರ್ಸ್’ ಸಿಂಗಲ್ ಕೇಳಿ. ಆಲ್ಬಮ್‌ನಲ್ಲಿರುವುದು ಬೇರೆ ರೆಕಾರ್ಡಿಂಗ್. ಗಾಯಕ ಟಿ.ವಿ. ಸ್ಮಿತ್ ಹಾಡುವ ಸಾಲುಗಳು, ಗೇ ಅಡ್ವರ್ಟ್ ನುಡಿಸುವ ಬಾಸ್ ಗಿಟಾರ್, ಎರಡೂ ಸಿಂಗಲ್‌ನಲ್ಲಿ ಇನ್ನೂ ಒರಟು. ನನಗೆ ಅದೇ ಜಾಸ್ತಿ ಇಷ್ಟ. 1979ರ ಎರಡನೇ ಆಲ್ಬಮ್ ‘ಕಾಸ್ಟ್ ಆಫ್ ಥೌಸಂಡ್ಸ್’ ಕೊನೆಗಿರಲಿ. ಅದರಲ್ಲಿ ಕೀಬೋರ್ಡ್ ಸೇರಿ ಸದ್ದೇ ಬದಲಾಗಿದೆ.