ದಾವಣಗೆರೆಯಲ್ಲಿ ಗರ್ಭಿಣಿ, ಬಾಣಂತಿಯರಿಗಾಗಿಯೇ ಅಕ್ಯುಪಂಕ್ಚರ್ ಕ್ಲಿನಿಕ್ ತೆರೆಯಲು ಇನ್ನಾವ ಕೋರ್ಸ್ ಮಾಡಬೇಕು?

ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಾದ ಬಿಎನ್‌ವೈಎಸ್ ಮುಗಿಸಿದ್ದೀರಿ, ಔಷಧವಿಲ್ಲದ ಚಿಕಿತ್ಸೆಯಾದ್ದರಿಂದ ಅಪಾಯವಿಲ್ಲ ಎಂದೂ ಬರೆದಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ವಿದ್ಯಾನಗರದಲ್ಲಿ ಕೋಣೆ ಹಿಡಿದಾಗ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಆಗ ಬರುತ್ತಿದ್ದವರಲ್ಲಿ ಹೆಚ್ಚಿನವರು ಮೂರನೆಯ ತಿಂಗಳ ವಾಂತಿಯವರು, ಎಂಟನೆಯ ತಿಂಗಳ ಸೊಂಟನೋವಿನವರು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲಿರುವ ಪಿ6 ಬಿಂದುವಿಗೆ ಸೂಜಿ ಹಾಕಿದರೆ ಹಲವರಿಗೆ ಓಕರಿಕೆ ತಗ್ಗುತ್ತಿತ್ತು. ಹೆಬ್ಬೆರಳು, ತೋರುಬೆರಳುಗಳ ನಡುವಿನ ಎಲ್‌ಐ4 ಮತ್ತು ಕಾಲಿನ ಒಳಹರಡಿನ ಮೇಲಿನ ಎಸ್‌ಪಿ6 ಬಿಂದುಗಳನ್ನು ಗರ್ಭಿಣಿಯರಲ್ಲಿ ಮುಟ್ಟಬಾರದೆಂಬ ಸಾಂಪ್ರದಾಯಿಕ ಪಟ್ಟಿ ನನಗೆ ಬಾಯಿಪಾಠವಾಗಿದ್ದರಿಂದ, ಎಲ್ಲವೂ ಗೊತ್ತಿದೆಯೆಂದೇ ಭಾವಿಸಿದ್ದೆ.

ಸೊಂಟನೋವಿಗೆ ನನ್ನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಹೆರಿಗೆಯಾದ ಆರನೆಯ ದಿನ, ಎರಡು ಬೀದಿಯಾಚೆಯ ತವರಿನಿಂದ, ತಲೆಗೆ ಬಟ್ಟೆ ಬಿಗಿದುಕೊಂಡು ಆಟೋದಲ್ಲಿ ಬಂದಳು. "ಅರಳೆ ಇಟ್ಟಿದ್ರೂ ಕಿವ್ಯಾಗ ಗಾಳಿ ಹೊಕ್ಕೈತ್ರಿ ಡಾಕ್ಟ್ರೇ, ತಲಿ ಸಿಡಿತೈತಂತ" ಎಂದರು ಅವಳ ತಾಯಿ. ಟ್ಯೂಬ್‌ಲೈಟ್ ಮಂಜುಮಂಜಾಗಿ ಕಾಣುತ್ತಿದೆಯೆಂದು ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನಿದ್ದೆಗೆಟ್ಟ ಕಣ್ಣು ಎಂದುಕೊಂಡೆ. ಬಿಪಿ ಯಂತ್ರ ಕೈಯಳತೆಯ ಗೂಡಿನಲ್ಲಿಯೇ ಇತ್ತು. ಅದನ್ನು ತೆಗೆಯದಿದ್ದುದು ಸೋಮಾರಿತನದಿಂದಲ್ಲ. ಗರ್ಭಿಣಿಯರ ರಕ್ತದೊತ್ತಡವು ಕೂಸು ಹೊರಬಂದೊಡನೆ ಮುಗಿಯುವ ಕಾಯಿಲೆಯೆಂದು ನಾನು ನಂಬಿದ್ದೆ. ವಾಸ್ತವದಲ್ಲಿ ಹೆರಿಗೆಯ ನಂತರ ಮೂರರಿಂದ ಆರನೆಯ ದಿನದ ನಡುವೆ ಒತ್ತಡವು ಏರುವುದು ಸಾಮಾನ್ಯ. ಗರ್ಭಾವಸ್ಥೆಯಲ್ಲಿ ಬಿಪಿ ಸರಿಯಾಗಿದ್ದವರಿಗೂ ಆರು ವಾರಗಳವರೆಗೆ ಈ ಅಪಾಯವಿರುತ್ತದೆ. ಅದಕ್ಕಿಂತ ದೊಡ್ಡ ಮೋಸವೆಂದರೆ ನನ್ನ ಸೂಜಿ ಕೆಲಸ ಮಾಡಿತು. ಇಪ್ಪತ್ತು ನಿಮಿಷದಲ್ಲಿ ನೋವು ಅರ್ಧಕ್ಕಿಳಿಯಿತು, ಅವಳು ನಕ್ಕಳು, ತಾಯಿ ನಿಶ್ಚಿಂತೆಯಿಂದ ಮನೆಗೆ ಕರೆದೊಯ್ದರು. ನೋವು ಹಾಗೆಯೇ ಉಳಿದಿದ್ದರೆ ಅವರು ಸಂಜೆಯೊಳಗೆ ಆಸ್ಪತ್ರೆಗೆ ಹೋಗುತ್ತಿದ್ದರು. ನಡುರಾತ್ರಿ ಅವಳಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಒತ್ತಡವು 170/110 ಇತ್ತು. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಉಳಿಸಿಕೊಂಡರು. ನನಗೆ ರೋಗಿಗಳನ್ನು ಕಳುಹಿಸುತ್ತಿದ್ದ ಹೆರಿಗೆ ವೈದ್ಯೆಯೊಬ್ಬರು ಮರುದಿನ ಫೋನ್ ಮಾಡಿ, "ಬಿಪಿ ಎಷ್ಟಿತ್ತು?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷ ಅವರು ಒಬ್ಬರನ್ನೂ ಕಳುಹಿಸಲಿಲ್ಲ.

ಆದ್ದರಿಂದ ಕೋರ್ಸ್ ಯಾವುದೆಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಗೋಡೆಗೆ ಇನ್ನೊಂದು ಸರ್ಟಿಫಿಕೇಟ್ ತೂಗುಹಾಕುವ ಬದಲು ಒಂದು ವರ್ಷ ಹೆರಿಗೆ ವಾರ್ಡಿನಲ್ಲಿ ಕಳೆಯಿರಿ. ಸೂಜಿಯ ಪೊಟ್ಟಣ ಒಡೆಯುವ ಮೊದಲು ಪ್ರತಿಯೊಬ್ಬರ ಬಿಪಿ ನೋಡಿ; 140/90 ಮುಟ್ಟಿದ್ದರೆ ಅಂದೇ ಹೆರಿಗೆ ವೈದ್ಯರ ಬಳಿಗೆ ಕಳುಹಿಸಿ, ಅಂದಿನ ಫೀಸು ಹೋದರೆ ಹೋಗಲಿ. ಹಾಲು ಸಾಲದೆಂದು ಬಂದವರಲ್ಲಿ ಮೊದಲು ಕೂಸು ಮೊಲೆ ಹಿಡಿಯುವ ರೀತಿಯನ್ನು ನೋಡಿ. ಎಷ್ಟೋ ಸಲ ಸೂಜಿಯ ಅಗತ್ಯವೇ ಬೀಳುವುದಿಲ್ಲ.

ಗಳಿಕೆ ಮೊದಲೆರಡು ವರ್ಷ ಬಾಡಿಗೆಗೆ ಸರಿಹೋಗುತ್ತದೆ, ಅಷ್ಟೆ. ಬಾಡಿಗೆ ಅಗ್ಗವೆಂದು ಮಾತ್ರ ಮೊದಲ ಮಹಡಿಯನ್ನು ಹಿಡಿಯಬೇಡಿ. ಹೊಲಿಗೆ ಹಾಕಿಸಿಕೊಂಡ ಬಾಣಂತಿ ಹದಿನೆಂಟು ಮೆಟ್ಟಿಲು ಹತ್ತಿ ನಿಮ್ಮಲ್ಲಿಗೆ ಬರಲಾರಳು.