ಬಿಸಿನೀರಿಗೆ ಹಾಕಿದರೆ ನಮ್ಮ ಮೆಂಬ್ರೇನ್ ಲೋಳೆಯಾಗುತ್ತೆ, ಏನು ಮಾಡೋಣ?

ಪ್ರಶ್ನೆ: ಸರ್, ನಾನು ಎಂ.ಟೆಕ್ ಪಾಲಿಮರ್ ವಿದ್ಯಾರ್ಥಿ. ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಫ್ಯುಯೆಲ್ ಸೆಲ್‌ಗೆಂದು ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪುಡಿಯನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸಲ್ಫೋನೇಟ್ ಮಾಡಿ, ಅಂದರೆ ಅದಕ್ಕೆ ಆಸಿಡ್ ಗುಂಪುಗಳನ್ನು ಸೇರಿಸಿ, ಪ್ರೋಟಾನ್ ದಾಟಿಸುವ ಮೆಂಬ್ರೇನ್ (ಪೊರೆ) ತಯಾರಿಸಿದ್ದೇವೆ. ಸಲ್ಫೋನೇಶನ್ ಶೇ 50 ಇದ್ದರೆ ಪ್ರೋಟಾನ್ ವಾಹಕತೆ ಸಾಲುತ್ತಿಲ್ಲ. ಶೇ 80ಕ್ಕೆ ಏರಿಸಿದರೆ ವಾಹಕತೆ ಚೆನ್ನಾಗಿದೆ, ಆದರೆ 80 ಡಿಗ್ರಿ ನೀರಲ್ಲಿ ಹಾಳೆ ಲೋಳೆಯಾಗುತ್ತದೆ. ಫ್ಯುಯೆಲ್ ಸೆಲ್‌ಗಳಲ್ಲಿ ಬಳಸುವ ನಾಫಿಯಾನ್ ಪೊರೆ ಯಾಕೆ ಹೀಗಾಗಲ್ಲ? ನಮ್ಮದನ್ನು ಗಟ್ಟಿ ಮಾಡುವುದು ಹೇಗೆ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಾನೂ ಇದೇ ಮಾಡಿಕೊಂಡವನು. ಗಾಜಿನ ಮೇಲಿಂದ ಬಿಡಿಸಿದ ಚಂದದ ಹಾಳೆಯನ್ನು ಸಂಜೆ ಬಿಸಿನೀರಿಗೆ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಬೀಕರ್‌ನಲ್ಲಿ ಹಾಳೆಯೇ ಇಲ್ಲ. ಕಾಮಕಸ್ತೂರಿ ಬೀಜ ನೆನೆಸಿದ ಹಾಗೆ ತಳದಲ್ಲೊಂದಿಷ್ಟು ಲೋಳೆ.

ಮೊದಲು ಒಂದು ಲೆಕ್ಕ ನೋಡಿ. ಸಾಮಾನ್ಯ ನಾಫಿಯಾನ್‌ನಲ್ಲಿ ಒಂದು ಗ್ರಾಮಿಗೆ ಸುಮಾರು 0.9 ಮಿಲಿ ಈಕ್ವಿವಲೆಂಟ್ (ಆಸಿಡ್ ಎಷ್ಟಿದೆ ಎಂದು ಅಳೆಯುವ ಮಾನ) ಆಸಿಡ್ ಗುಂಪುಗಳಿರುತ್ತವೆ. ಶೇ 60 ಸಲ್ಫೋನೇಟ್ ಆದ ಪೀಕ್‌ನಲ್ಲಿ ಸುಮಾರು 1.8. ಅಂದರೆ ನಿಮ್ಮದರಲ್ಲಿ ಆಸಿಡ್ ಎರಡರಷ್ಟು. ಆದರೂ ನಾಫಿಯಾನೇ ಗೆಲ್ಲುತ್ತದೆ. ಅಂದಮೇಲೆ ಆಸಿಡ್ ಎಷ್ಟಿದೆ ಅನ್ನುವುದಕ್ಕಿಂತ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೇ ನೋಡಬೇಕು, ಅಲ್ವಾ?

ಪ್ರೋಟಾನ್ ಓಡಾಡುವುದು ನೀರಿನ ಮೂಲಕ. ನಾಫಿಯಾನ್‌ನ ಬೆನ್ನೆಲುಬು ಟೆಫ್ಲಾನ್ ಜಾತಿಯದು, ನೀರನ್ನು ಹತ್ತಿರ ಸೇರಿಸುವುದಿಲ್ಲ. ಆಸಿಡ್ ಗುಂಪು ಮಾತ್ರ ಉದ್ದನೆಯ ತೋಳಿನ ತುದಿಯಲ್ಲಿದೆ. ಈ ತುದಿಗಳೆಲ್ಲ ಒಂದು ಕಡೆ ಕೂಡಿಕೊಂಡು ಕೆಲವು ನ್ಯಾನೋಮೀಟರ್ ಅಗಲದ ನೀರಿನ ದಾರಿ ಮಾಡಿಕೊಳ್ಳುತ್ತವೆ. ಪೀಕ್‌ನಲ್ಲಿ ತೋಳೇ ಇಲ್ಲ. ಆಸಿಡ್ ಗುಂಪು ಬೆನ್ನೆಲುಬಿಗೇ ಅಂಟಿಕೊಂಡಿದೆ, ಆ ಬೆನ್ನೆಲುಬಿಗೂ ನೀರೆಂದರೆ ಅಷ್ಟೇನೂ ಹಗೆಯಿಲ್ಲ. ಹಾಗಾಗಿ ದಾರಿಗಳು ಕಿರಿದು, ಎಷ್ಟೋ ಕಡೆ ಮುಂದೆ ದಾರಿಯೇ ಇಲ್ಲ. ಗದ್ದೆಯ ಲೆಕ್ಕದಲ್ಲಿ ಹೇಳುವುದಾದರೆ, ನಾಫಿಯಾನ್‌ನಲ್ಲಿ ನೀರು ಕಾಲುವೆಯಲ್ಲಿ ಹರಿಯುತ್ತದೆ, ಬದು ಗಟ್ಟಿಯಾಗಿರುತ್ತದೆ. ನಿಮ್ಮದರಲ್ಲಿ ಬದುವೇ ನೆನೆದು ಕುಸಿಯುತ್ತಿದೆ.

ಆದ್ದರಿಂದ ಶೇ 80ರ ಆಸೆ ಬಿಡಿ. 60–65ಕ್ಕೆ ಇಳಿಯಿರಿ, ಆಮೇಲೆ ಪಾಲಿಮರ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿ. ನನಗೆ ಇಷ್ಟವಾದ ದಾರಿ ಪಾಲಿಬೆಂಜಿಮಿಡಜೋಲ್ ಎಂಬ ಇನ್ನೊಂದು ಪಾಲಿಮರ್ ಅನ್ನು ಸ್ವಲ್ಪ ಬೆರೆಸುವುದು. ಅದು ಪ್ರತ್ಯಾಮ್ಲ, ನಿಮ್ಮದು ಆಮ್ಲ. ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನೂರಕ್ಕೆ ಐದರಷ್ಟರಿಂದ ಶುರು ಮಾಡಿ. ಜಾಸ್ತಿ ಹಾಕಿದರೆ ಪ್ರೋಟಾನ್ ಸಾಗಿಸಬೇಕಾದ ಆಸಿಡ್ ಗುಂಪುಗಳೇ ಆ ಹಿಡಿತದಲ್ಲಿ ಸಿಕ್ಕಿಕೊಳ್ಳುತ್ತವೆ. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಎರಡೂ ದ್ರಾವಣಗಳನ್ನು ನೇರವಾಗಿ ಬೆರೆಸಿದರೆ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತದೆ. ಮೊದಲು ಸಲ್ಫೋನೇಟೆಡ್ ಪೀಕ್‌ಗೆ ಟ್ರೈ ಈಥೈಲ್ ಅಮೀನ್‌ನಂಥ ಕ್ಷಾರ ಹಾಕಿ ಆಸಿಡ್ ಅನ್ನು ಸುಮ್ಮನಾಗಿಸಿ. ಆಮೇಲೆ ಬೆರೆಸಿ, ಗಾಜಿನ ಮೇಲೆ ಎಳೆದು ಒಣಗಿಸಿ. ಕೊನೆಗೆ ಆಸಿಡ್‌ನಲ್ಲಿ ನೆನೆಸಿದರೆ ಹಿಡಿತ ತಾನಾಗಿ ಬರುತ್ತದೆ.

ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಹಾಳೆ ಮಾಡಿ, 180 ಡಿಗ್ರಿ ಹತ್ತಿರ ಕಾಯಿಸಿ, ಸರಪಳಿಗಳ ನಡುವೆ ಸಲ್ಫೋನ್ ಸೇತುವೆ ಕಟ್ಟುವ ವಿಧಾನವೂ ಇದೆ. ಸುಲಭ, ಆದರೆ ಕಟ್ಟಿದ ಪ್ರತಿ ಸೇತುವೆಗೂ ಒಂದಷ್ಟು ಆಸಿಡ್ ಖರ್ಚು. ಕಾರ್ಖಾನೆಯವರು ಹಿಡಿದ ದಾರಿ ಬೇರೆ: ಹಿಗ್ಗಿಸಿದ ಟೆಫ್ಲಾನ್ ಜಾಲರಿಯ ರಂಧ್ರಗಳೊಳಗೆ ಪಾಲಿಮರ್ ತುಂಬುವುದು. ಜಾಲರಿ ಭಾರ ಹೊರುವುದರಿಂದ ಹಾಳೆ ತೆಳ್ಳಗಿದ್ದರೂ ನಡೆಯುತ್ತದೆ. ಜಾಲರಿಯಿಲ್ಲದ ನಾಫಿಯಾನ್ 117 ಎಂಬ ಮಾದರಿಯ ದಪ್ಪ ಸುಮಾರು 180 ಮೈಕ್ರಾನ್. ಈಗಿನ ಕಾರುಗಳ ಫ್ಯುಯೆಲ್ ಸೆಲ್‌ಗಳಲ್ಲಿ ಜಾಲರಿ ಸಮೇತ 20 ಮೈಕ್ರಾನ್‌ಗಿಂತ ತೆಳು ಹಾಳೆಗಳಿವೆ. ವಾಹಕತೆ ಅರ್ಧಕ್ಕೆ ಇಳಿದರೂ ದಪ್ಪ ಅರ್ಧ ಮಾಡಿದರೆ ರೆಸಿಸ್ಟೆನ್ಸ್ ಅಷ್ಟೇ ಇರುತ್ತದೆ. ಇದನ್ನು ಮರೆತು ಬರೀ ವಾಹಕತೆಯ ಹಿಂದೆ ಬೀಳುವವರೇ ಜಾಸ್ತಿ. ತೀರಾ ತೆಳುವಾದರೆ ಹೈಡ್ರೋಜನ್ ಆಚೆ ನುಸುಳುತ್ತದೆ ಅನ್ನುವುದೂ ನೆನಪಿರಲಿ.

ಶೇ 50ರಲ್ಲಿ ವಾಹಕತೆ ಸಾಲದು ಎಂದಿರಿ. ದ್ರಾವಕ ಯಾವುದು ಬಳಸಿದಿರಿ? ಡಿಎಂಎಫ್ ಆಗಿದ್ದರೆ ಅನುಮಾನ ಪಡಿ. ಆಸಿಡ್ ಜೊತೆ ಬಿಸಿಯಾದಾಗ ಅದು ಒಡೆದು ಡೈಮೀಥೈಲ್ ಅಮೀನ್ ಆಗಬಹುದು. ಅದು ಹೋಗಿ ಆಸಿಡ್ ಗುಂಪಿಗೆ ಅಂಟಿ ಕೂರುತ್ತದೆ. ಹಾಳೆಯನ್ನು 1 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಒಂದು ದಿನ ನೆನೆಸಿ, ನೀರಿನ ಪಿಎಚ್ ತಟಸ್ಥವಾಗುವವರೆಗೆ ತೊಳೆದು ಮತ್ತೆ ಅಳೆಯಿರಿ. ತೊಂದರೆ ಅಲ್ಲೇ ಇದ್ದರೂ ಇರಬಹುದು.

ಬಾಳಿಕೆಯ ಮಾತು ಬೇರೆಯೇ. 1965ರಲ್ಲಿ ಜೆಮಿನಿ 5 ಗಗನನೌಕೆ ಹೊತ್ತೊಯ್ದ ಫ್ಯುಯೆಲ್ ಸೆಲ್‌ಗಳಲ್ಲಿದ್ದದ್ದು ಸಲ್ಫೋನೇಟೆಡ್ ಪಾಲಿಸ್ಟೈರೀನ್ ಪೊರೆ. ಸೆಲ್ ಓಡುವಾಗ ಒಳಗೆ ಹುಟ್ಟುವ ಪೆರಾಕ್ಸೈಡ್ ಮತ್ತು ಹೈಡ್ರಾಕ್ಸಿಲ್ ರಾಡಿಕಲ್‌ಗಳು ಅದರ ಇಂಗಾಲ–ಹೈಡ್ರೋಜನ್ ಬಂಧವನ್ನು ಮೆಲ್ಲುತ್ತಿದ್ದವು. ಡುಪಾಂಟ್ ಕಂಪನಿಯ ವಾಲ್ಥರ್ ಗ್ರೋಟ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ನಾಫಿಯಾನ್ ಇದನ್ನು ತಾಳಿಕೊಂಡದ್ದು ಹೈಡ್ರೋಜನ್ ಜಾಗದಲ್ಲಿ ಫ್ಲೋರಿನ್ ಇದ್ದುದರಿಂದ. ನಿಮ್ಮದು ಎಷ್ಟು ತಾಳುತ್ತದೆ ಎಂದು ನೋಡಲು ಹಾಳೆಯನ್ನು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಕೆಲವೇ ಪಿಪಿಎಂ ಕಬ್ಬಿಣದ ಲವಣ ಹಾಕಿ 80 ಡಿಗ್ರಿಯಲ್ಲಿಟ್ಟು ಗಂಟೆಗೊಮ್ಮೆ ತೂಗಿ. ಜೊತೆಗೆ ನೆನೆಸಿ ಒಣಗಿಸುವ ಪರೀಕ್ಷೆಯನ್ನೂ ಮಾಡಿ. ಅಮೆರಿಕದ ಇಂಧನ ಇಲಾಖೆಯ ಗುರಿ 20,000 ಸುತ್ತು: ಎರಡು ನಿಮಿಷ ಒಣಗಾಳಿ, ಎರಡು ನಿಮಿಷ ತೇವದ ಗಾಳಿ. ಪೂರ್ತಿ ಮಾಡಿದರೆ ಸುಮಾರು 55 ದಿನ. ಎಂ.ಟೆಕ್‌ಗೆ ಅಷ್ಟೆಲ್ಲ ಬೇಡ, ಕೈಯಲ್ಲೇ ಐವತ್ತು ಸಲ ಮಾಡಿದರೂ ಬಿರುಕು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಚೌಕಟ್ಟಿನ ಅಂಚಲ್ಲಿ.

ಇನ್ನೊಂದು ಮಾತು. ಫ್ಯುಯೆಲ್ ಸೆಲ್ಲೇ ಆಗಬೇಕಾ? ವನಾಡಿಯಂ ಲೋಹದ ದ್ರಾವಣಗಳಲ್ಲಿ ವಿದ್ಯುತ್ ಕೂಡಿಡುವ ವನಾಡಿಯಂ ಫ್ಲೋ ಬ್ಯಾಟರಿ ಹೆಚ್ಚುಕಡಿಮೆ ಕೋಣೆಯ ಉಷ್ಣತೆಯಲ್ಲೇ ನಡೆಯುತ್ತದೆ. ಅಲ್ಲಿ ಪೀಕ್‌ನ ಕಿರಿದಾದ ದಾರಿ ದೋಷವಲ್ಲ. ಪ್ರೋಟಾನ್ ದಾಟುತ್ತದೆ, ದಪ್ಪಗಿನ ವನಾಡಿಯಂ ಅಯಾನು ನಾಫಿಯಾನ್‌ನಲ್ಲಿ ದಾಟುವಷ್ಟು ಸಲೀಸಾಗಿ ದಾಟುವುದಿಲ್ಲ. ನಿಮ್ಮ ಗೈಡ್ ಒಪ್ಪಿದರೆ ನಾನಂತೂ ಅತ್ತ ಹೋಗಿ ಅನ್ನುತ್ತೇನೆ.

ಪ್ರಶ್ನೆ: ಮನೆಯ ಆರ್‌ಒ ಯಂತ್ರದಲ್ಲಿರುವುದೂ ಇದೇ ಮೆಂಬ್ರೇನಾ?
– ಕೋಲಾರದ ಗೃಹಿಣಿ

ಉತ್ತರ: ಅಲ್ಲಮ್ಮ. ಆರ್‌ಒ ಪೊರೆ ನೀರನ್ನು ಬಿಟ್ಟು ಉಪ್ಪನ್ನು ತಡೆಯುತ್ತದೆ. ಮೇಲೆ ಹೇಳಿದ ಜಾತಿಯ ಪೊರೆ, ಅಂದರೆ ಅಯಾನು ವಿನಿಮಯ ಪೊರೆ, ಉಪ್ಪನ್ನು ದಾಟಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಇದನ್ನು ಬಳಸುವ ವಿಧಾನಕ್ಕೆ ಎಲೆಕ್ಟ್ರೋಡಯಾಲಿಸಿಸ್ ಅಂತ ಹೆಸರು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ಇಂಥ ಪೊರೆಗಳನ್ನು ತಯಾರಿಸಿದೆ. ಬೋರ್‌ವೆಲ್‌ನ ಸವಳು ನೀರಿಗೆ ಒಗ್ಗುತ್ತದೆ, ಫ್ಲೋರೈಡನ್ನೂ ಇಳಿಸುತ್ತದೆ. ಆದರೆ ಬ್ಯಾಕ್ಟೀರಿಯಾ ನೀರಲ್ಲೇ ಉಳಿಯುವುದರಿಂದ ಆಮೇಲೆ ಕುದಿಸಿಯೇ ಕುಡಿಯಬೇಕು.